ಸಿನಿಮಾ ನೋಡಿದಿರಾ? ಹಾಗಾದರೆ ಬರೆಯಿರಿ!

"ಸಿನಿಮಾ ಹೇಗಿತ್ತು?" ಎಂದು ಮಕ್ಕಳನ್ನು ಕೇಳಿದಾಗ ನನಗೆ ಸಿಗುವ ಉತ್ತರ ಎರಡೇ. ಒಂದು "ಸೂಪರ್!", ಇನ್ನೊಂದು "ಬೋರ್!". ಅಜ್ಜ-ಅಜ್ಜಿಯರನ್ನು ಕೇಳಿದರೆ, "ನಮ್ಮ ಕಾಲದ ಸಿನಿಮಾದ ಹಾಗಿಲ್ಲ ಬಿಡಿ" ಎನ್ನುತ್ತಾರೆ. ಇವೆಲ್ಲ ಅಭಿಪ್ರಾಯಗಳು. ಇವುಗಳ ಮುಂದೆ "ಯಾಕೆ?" ಎಂದು ಕೇಳಿಕೊಂಡು ಉತ್ತರ ಹುಡುಕಿದರೆ ಅದೇ ವಿಮರ್ಶೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಜ್ಜ-ಅಜ್ಜಿಯರು ನೋಡಿರುವ, ಮೊಮ್ಮಕ್ಕಳೂ ನೋಡಬೇಕಾದ ಸಿನಿಮಾ 'ಬೆಟ್ಟದ ಹೂವು'. 1985ರಲ್ಲಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಈ ಚಿತ್ರಕ್ಕೆ ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿ ಆಧಾರ. ರಾಮು ಆಗಿ ನಟಿಸಿದ ಪುನೀತ್ ರಾಜ್‌ಕುಮಾರ್‌ಗೆ ಆಗ ಸುಮಾರು ಹತ್ತು ವರ್ಷ. ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂತು.

ಕಥೆ ಚಿಕ್ಕದಾಗಿರಲಿ

ಬಡ ಹುಡುಗ ರಾಮುವಿಗೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳುವ ಆಸೆ. ಕಾಡಿನ ಹೂಗಳನ್ನು ತಂದು ಶರ್ಲಿ ಮೇಡಂಗೆ ಕೊಟ್ಟು ಹಣ ಕೂಡಿಡುತ್ತಾನೆ. ಆದರೆ ಮನೆಯವರಿಗೆ ಚಳಿಗೆ ಕಂಬಳಿ ಬೇಕು. ಪುಸ್ತಕವೋ, ಕಂಬಳಿಯೋ? ಅವನು ಯಾವುದನ್ನು ಆರಿಸಿದ ಎಂದು ನಾನು ಹೇಳುವುದಿಲ್ಲ. ನೀವೂ ಹೇಳಬೇಡಿ. ಕೊನೆಯನ್ನು ಬಿಟ್ಟುಕೊಟ್ಟರೆ ನೋಡುವವರ ಕುತೂಹಲ ಕದ್ದಂತೆ!

ಮಾತಿಗೆ ಸಾಕ್ಷಿ ಕೊಡಿ

"ನಟನೆ ಚೆನ್ನಾಗಿದೆ" ಎಂದರೆ ಸಾಲದು. ಯಾವ ದೃಶ್ಯದಲ್ಲಿ? ಮಾತಿನಲ್ಲೋ, ಕಣ್ಣಿನಲ್ಲೋ, ಸುಮ್ಮನಿದ್ದಾಗಲೋ? ಹಾಡು, ಛಾಯಾಗ್ರಹಣ, ಸಂಭಾಷಣೆಗೂ ಇದೇ ಪ್ರಶ್ನೆ ಕೇಳಿ. ಒಂದು ದೃಶ್ಯವನ್ನು ಸರಿಯಾಗಿ ವಿವರಿಸಿದರೆ ಹತ್ತು ಹೊಗಳಿಕೆಗಿಂತ ಹೆಚ್ಚು.

ಕೊರತೆಯನ್ನೂ ಬರೆಯಿರಿ

ಈಗಿನ ಮಕ್ಕಳಿಗೆ ಈ ಸಿನಿಮಾ ನಿಧಾನ ಎನ್ನಿಸಬಹುದು. ಧೈರ್ಯವಾಗಿ ಬರೆಯಿರಿ. ಆದರೆ ಬರೆಯುವ ಮೊದಲು ಯೋಚಿಸಿ: ಹುಡುಗನೊಬ್ಬ ಸ್ವಲ್ಪ ಸ್ವಲ್ಪವೇ ಹಣ ಕೂಡಿಡುವ ಕಥೆಗೆ ಈ ನಿಧಾನ ಬೇಕಿತ್ತೇ, ಅಥವಾ ಎಲ್ಲಾದರೂ ಸುಮ್ಮನೆ ಎಳೆದಿದ್ದಾರೆಯೇ? ಎರಡರ ವ್ಯತ್ಯಾಸ ಗುರುತಿಸಿದವರೇ ಒಳ್ಳೆಯ ವಿಮರ್ಶಕರು. ತಪ್ಪನ್ನು ಹೇಳಿ, ಆದರೆ ನಟರ ರೂಪ, ಬಣ್ಣವನ್ನು ಆಡಿಕೊಳ್ಳಬೇಡಿ.

ಪ್ರೀತಿ ಬೇರೆ, ತೀರ್ಪು ಬೇರೆ

ಇದು ಎಲ್ಲಕ್ಕಿಂತ ಕಷ್ಟದ ಪಾಠ. ಪುನೀತ್ 2021ರಲ್ಲಿ ನಮ್ಮನ್ನು ಅಗಲಿದರು. ಇಂದು ತೆರೆಯ ಮೇಲೆ ಆ ಪುಟ್ಟ ರಾಮುವನ್ನು ಕಂಡರೆ ನನ್ನ ಕಣ್ಣು ತುಂಬುತ್ತದೆ. ಆ ಕಣ್ಣೀರನ್ನು ತಂದದ್ದು ಸಿನಿಮಾವೋ, ನೆನಪೋ? ಬರೆಯಲು ಕುಳಿತಾಗ ಇದನ್ನು ನನ್ನನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ಎರಡೂ ಆಗಿದ್ದರೆ ಎರಡನ್ನೂ ಬರೆಯುತ್ತೇನೆ. ಪ್ರೀತಿಯನ್ನು ಮುಚ್ಚಿಡಬೇಕಿಲ್ಲ. ಆದರೆ ಅದರ ನೆಪದಲ್ಲಿ ಇಲ್ಲದ ಗುಣವನ್ನು ಸಿನಿಮಾಕ್ಕೆ ಅಂಟಿಸಬಾರದು. ನಮ್ಮ ಮಾತು ನಂಬಿ ಟಿಕೆಟ್ ಕೊಳ್ಳುವವರಿಗೆ ನಾವು ನಿಜವನ್ನೇ ಹೇಳಬೇಕು.

ಈ ಭಾನುವಾರ ಒಂದು ಕೆಲಸ ಮಾಡಿ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ಒಂದು ಸಿನಿಮಾ ನೋಡಿ. ಮಾತಾಡಿಕೊಳ್ಳದೆ ಒಬ್ಬೊಬ್ಬರೂ ಒಂದು ಪುಟ ಬರೆಯಿರಿ. ಆಮೇಲೆ ಪುಟ ಬದಲಾಯಿಸಿಕೊಂಡು ಓದಿ. ಅಜ್ಜನಿಗೆ ಕಂಡದ್ದು ನಿಮಗೆ ಕಂಡಿರಲಿಕ್ಕಿಲ್ಲ, ನಿಮಗೆ ಕಂಡದ್ದು ಅಜ್ಜಿಗೆ ಹೊಸದಾಗಿರಬಹುದು. ಜಗಳವಾದರೆ ಆಗಲಿ, ಅದೇ ಸಿನಿಮಾವನ್ನು ಇನ್ನೊಮ್ಮೆ ನೋಡಲು ಅದಕ್ಕಿಂತ ಒಳ್ಳೆಯ ಕಾರಣ ಬೇಕೇ?