ಲಾಗಿನ್ ಆದಾಗ ಬೇರೆಯವರ ಹೆಸರು ಕಂಡರೆ ಹ್ಯಾಕ್ ಆಗಿದೆ ಎಂದೇ ಅರ್ಥವೇ?

ಒಂದು ವೆಬ್‌ಸೈಟಿಗೆ ಲಾಗಿನ್ ಆಗುತ್ತೀರಿ. ನಿಮ್ಮ ಹೆಸರಿರಬೇಕಾದ ಜಾಗದಲ್ಲಿ ಗುರುತೇ ಇಲ್ಲದ ಇನ್ನೊಬ್ಬರ ಹೆಸರು! ತಕ್ಷಣ ಸ್ಕ್ರೀನ್‌ಶಾಟ್ ತೆಗೆದು ‘ಹ್ಯಾಕ್ ಆಗಿದೆ, ಎಲ್ಲರಿಗೂ ಕಳಿಸಿ’ ಎಂದು ಗ್ರೂಪಿಗೆ ಹಾಕುತ್ತೇವೆ. ಹ್ಯಾಕ್ ಆಗಿರಲೂಬಹುದು. ಆದರೆ ಪ್ರೋಗ್ರಾಮ್ ಬರೆದವರ ಒಂದೇ ಪದದ ತಪ್ಪಿನಿಂದಲೂ ಹೀಗಾಗುತ್ತದೆ. ಆ ಪದ ‘ಸ್ಟ್ಯಾಟಿಕ್’.

ಕೆಎ 18ರ ಉದಾಹರಣೆ

ಕೊಪ್ಪದ ಆಟೋ, ಶೃಂಗೇರಿಯ ಜೀಪು, ನರಸಿಂಹರಾಜಪುರದ ಸ್ಕೂಟರ್ ಚಿಕ್ಕಮಗಳೂರು ಆರ್‌ಟಿಒದಲ್ಲಿ ನೋಂದಣಿಯಾಗಿದ್ದರೆ ಮೂರರ ನಂಬರೂ ‘ಕೆಎ 18’ ಎಂದೇ ಶುರುವಾಗುತ್ತದೆ. ಇದು ಎಲ್ಲಕ್ಕೂ ಸಾಮಾನ್ಯ. ಮಾಲೀಕರ ಹೆಸರು ಮಾತ್ರ ಒಂದೊಂದಕ್ಕೆ ಒಂದೊಂದು.

ಇದನ್ನೇ ಜಾವಾದಂಥ ಭಾಷೆಯಲ್ಲಿ ಬರೆಯುತ್ತೇವೆ ಎಂದುಕೊಳ್ಳಿ. ‘ವಾಹನ’ ಎಂಬ ಖಾಲಿ ನಮೂನೆಯೇ ಕ್ಲಾಸ್. ಅದರಂತೆ ತಯಾರಾದ ಒಂದೊಂದು ವಾಹನದ ದಾಖಲೆಯೂ ಆಬ್ಜೆಕ್ಟ್. ಹೊಸ ಆಬ್ಜೆಕ್ಟ್ ಹುಟ್ಟುವಾಗ ತಾನಾಗಿಯೇ ಓಡುವ ಕೋಡ್ ಕನ್‌ಸ್ಟ್ರಕ್ಟರ್. ಮಾಲೀಕರ ಹೆಸರು ತುಂಬುವುದು, ‘ಒಟ್ಟು ವಾಹನ’ ಎಂಬ ಲೆಕ್ಕಕ್ಕೆ ಒಂದು ಸೇರಿಸುವುದು ಅದರ ಕೆಲಸ.

ಆ ಲೆಕ್ಕ ಸ್ಟ್ಯಾಟಿಕ್ ಆಗಿರಬೇಕು. ಅಂದರೆ ಇಡೀ ಕ್ಲಾಸಿಗೆ ಒಂದೇ ಪ್ರತಿ. ಹಾಗಿದ್ದರೆ ಮೂರು ವಾಹನ ಸೇರಿದಾಗ ಲೆಕ್ಕ 3 ಆಗುತ್ತದೆ. ಸ್ಟ್ಯಾಟಿಕ್ ಅಲ್ಲದಿದ್ದರೆ ಪ್ರತಿ ವಾಹನವೂ ತನ್ನದೇ ಲೆಕ್ಕ ಇಟ್ಟುಕೊಂಡು ‘1’ ಎನ್ನುತ್ತದೆ.

ಈಗ ಮಾಲೀಕರ ಹೆಸರನ್ನೂ ತಪ್ಪಿ ಸ್ಟ್ಯಾಟಿಕ್ ಮಾಡಿದರೆ? ಕೊನೆಗೆ ಬಂದ ಸ್ಕೂಟರಿನ ಒಡೆಯರ ಹೆಸರೇ ಆಟೋ, ಜೀಪು ಎರಡಕ್ಕೂ ಕಾಣುತ್ತದೆ! ವೆಬ್‌ಸೈಟಿನ ಸರ್ವರ್‌ನಲ್ಲಿ ಒಂದೇ ಪ್ರೋಗ್ರಾಮ್ ನೂರಾರು ಜನರಿಗೆ ಒಟ್ಟಿಗೆ ಉತ್ತರ ಕೊಡುತ್ತಿರುತ್ತದೆ. ಅಲ್ಲಿ ಈ ತಪ್ಪಾದರೆ ಒಬ್ಬರ ಮಾಹಿತಿ ಇನ್ನೊಬ್ಬರ ಪರದೆಗೆ ಬರುತ್ತದೆ.

ಸ್ಟ್ಯಾಟಿಕ್ ಎಂದರೆ ಬದಲಾಗದ್ದು?

ಅಲ್ಲ. ವಿದ್ಯಾರ್ಥಿಗಳಲ್ಲೂ ಇರುವ ತಪ್ಪು ಕಲ್ಪನೆ ಇದು. ಸ್ಟ್ಯಾಟಿಕ್ ಎಂದರೆ ಎಲ್ಲರಿಗೂ ಸೇರಿದ್ದು, ಅಷ್ಟೇ. ಮೇಲಿನ ಲೆಕ್ಕ ಏರುತ್ತಲೇ ಹೋಗುತ್ತದಲ್ಲ! ಬದಲಾಗಬಾರದು ಎಂದರೆ ಜಾವಾದಲ್ಲಿ ‘ಫೈನಲ್’ ಎಂಬ ಬೇರೆ ಪದವಿದೆ.

ದೊಡ್ಡವರಿಗೂ ತಪ್ಪಿಲ್ಲ

2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯಲ್ಲಿ ಕೆಲವರಿಗೆ ಬೇರೆಯವರ ಸಂಭಾಷಣೆಯ ಶೀರ್ಷಿಕೆಗಳು ಕಂಡಿದ್ದವು. ಕಾರಣ ಸ್ಟ್ಯಾಟಿಕ್ ಅಲ್ಲ, ಹ್ಯಾಕರ್ ಕೂಡ ಅಲ್ಲ. ಹಲವರಿಗಾಗಿ ಹಂಚಿಕೊಂಡಿದ್ದ ಸಂಪರ್ಕದಲ್ಲಿ ಒಬ್ಬರಿಗೆ ಹೋಗಬೇಕಾದ ಉತ್ತರ ಇನ್ನೊಬ್ಬರಿಗೆ ಹೋಗಿತ್ತು.

ಹಾಗಾದರೆ ಏನು ಮಾಡಬೇಕು?

ಹ್ಯಾಕ್ ಅಲ್ಲದಿದ್ದರೂ ಇದು ಸಣ್ಣ ವಿಷಯವಲ್ಲ. ನಿಮಗೆ ಅವರ ವಿವರ ಕಂಡಂತೆ ನಿಮ್ಮದು ಮತ್ಯಾರಿಗೋ ಕಂಡಿರಬಹುದು. ಏನನ್ನೂ ತಿದ್ದದೆ ಲಾಗ್ ಔಟ್ ಮಾಡಿ. ಸಮಯ ಬರೆದಿಟ್ಟುಕೊಂಡು ಆ ವೆಬ್‌ಸೈಟಿನವರಿಗೆ ತಿಳಿಸಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಆ ಸ್ಕ್ರೀನ್‌ಶಾಟ್ ಮಾತ್ರ ಫಾರ್ವರ್ಡ್ ಮಾಡಬೇಡಿ. ಅದರಲ್ಲಿರುವುದು ಇನ್ನೊಬ್ಬರ ಹೆಸರು, ನಂಬರು. ಸರ್ವರ್ ಒಬ್ಬರಿಗೆ ತೋರಿಸಿದ್ದನ್ನು ನಾವು ಊರಿಗೆಲ್ಲ ಹಂಚಿದಂತಾಗುತ್ತದೆ.