ಕರುವಿಗೆ ಹಾಲು, ಮಗುವಿಗೆ ಕೆಲಸ

ಅಜ್ಜಂಪುರದ ಕಡೆ ‘ಈಗಿನ ಮಕ್ಕಳು ಮೆತ್ತಗಾದವು’ ಎಂಬ ಮಾತು ಬಂದರೆ ಸಾಕು, ಹಿರಿಯರೊಬ್ಬರು ಅಮೃತಮಹಲ್ ದನದ ಕತೆ ತೆಗೆಯುತ್ತಾರೆ. ಮೈಸೂರು ಒಡೆಯರ ಬೆಣ್ಣೆ ಚಾವಡಿಯಲ್ಲಿ ಬೆಳೆದು, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದು, ಕಾವಲಿನ ಒಣಹುಲ್ಲಲ್ಲೇ ಬದುಕಿದ ತಳಿ ಅದು. ಅದರ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲೇ ಇದೆ. ‘ಆ ಕರುಗಳನ್ನ ಯಾರು ಮುದ್ದು ಮಾಡಿದ್ರು? ಬಿಸಿಲಿಗೆ ಬಿಟ್ರೆ ತಾವೇ ಗಟ್ಟಿಯಾಗ್ತವೆ’ ಎಂಬುದು ವಾದ. ಆದರೆ ಆ ತಳಿಯ ಹಸು ಕೊಡುವ ಹಾಲೇ ಅಷ್ಟಕ್ಕಷ್ಟೆ. ಕೊಡುವುದೂ ಬಹುಮಟ್ಟಿಗೆ ಕರುವಿನ ಹೊಟ್ಟೆಗೇ ಹೋಗುತ್ತದೆ. ಅಪರಿಚಿತರು ಕರುವಿನ ಹತ್ತಿರ ಸುಳಿದರೆ ಹಸು ಕೊಂಬು ತಗ್ಗಿಸುತ್ತದೆ. ಕರುವನ್ನು ಗಟ್ಟಿ ಮಾಡಿದ್ದು ಬಿಸಿಲೋ ಹಾಲೋ ಎಂದು ಹಿರಿಯರನ್ನೇ ಕೇಳಬೇಕು.

ಕಷ್ಟ ಬಿದ್ದ ಮಕ್ಕಳು ತಾವಾಗಿ ಗಟ್ಟಿಯಾಗುತ್ತಾರೆ ಎಂಬ ನಂಬಿಕೆಯನ್ನು ತಾಳ್ಮೆಯಿಂದ ಪರೀಕ್ಷಿಸಿದವರು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಅವರೂ ಸಂಗಡಿಗರೂ ನಲವತ್ತರ ವಯಸ್ಸಿನವರೆಗೆ ನೋಡುತ್ತ ಬಂದರು. ಸುಮಾರು ಮೂರನೇ ಒಂದು ಪಾಲು ಮಕ್ಕಳಿಗೆ ಬಡತನ, ಮನೆಯ ಜಗಳ, ಕುಡಿತ, ಕಾಯಿಲೆಯಂಥವು ಒಂದರ ಮೇಲೊಂದು ಬಂದಿದ್ದವು. ಅವರಲ್ಲಿ ಮೂರನೇ ಎರಡು ಪಾಲು ಹದಿನೆಂಟರ ಹೊತ್ತಿಗೆ ಕಲಿಕೆಯಲ್ಲೋ ನಡತೆಯಲ್ಲೋ ಎಡವಿದ್ದರು. ಎಡವದೆ ಉಳಿದವರ ಹಿಂದೆ ಎರಡು ಸಂಗತಿ ಮತ್ತೆ ಮತ್ತೆ ಕಂಡವು. ಒಂದು, ನಂಬಿ ಹತ್ತಿರ ಹೋಗಬಹುದಾದ ಒಬ್ಬರಾದರೂ ದೊಡ್ಡವರು. ಅದು ತಾಯಿಯೇ ಆಗಬೇಕೆಂದಿರಲಿಲ್ಲ. ಇನ್ನೊಂದು, ತಾನಿಲ್ಲದಿದ್ದರೆ ಮನೆಯಲ್ಲಿ ಒಂದು ಕೆಲಸ ನಿಂತುಹೋಗುತ್ತದೆ ಎಂಬ ಹೊಣೆ.

ಹೊಣೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತರೀಕೆರೆ ಸೀಮೆಯಲ್ಲಿ ಅಡಿಕೆ ಕೊಯ್ಲು ಬಂತೆಂದರೆ ಅಂಗಳದ ತುಂಬ ಜನ: ಸುಲಿಯುವವರು, ಬೇಯಿಸುವವರು, ಹರವುವವರು. ಹನ್ನೊಂದು ವರ್ಷದ ಮಗ ಮಾತ್ರ ಒಳಗೆ. ‘ಓದ್ಕೊಳ್ಲಿ ಬಿಡಿ’ ಎನ್ನುತ್ತಾರೆ ಅಮ್ಮ. ಅವನು ಓದುತ್ತಿಲ್ಲ ಎಂಬುದು ಅವರಿಗೂ ಗೊತ್ತು. ಮೆಟ್ಟುಗತ್ತಿ, ಕುದಿಯುವ ಹಂಡೆ ಅವನಿಂದ ದೂರವೇ ಇರಲಿ. ಹದಿನಾಲ್ಕು ತುಂಬದ ಮಕ್ಕಳು ಶಾಲೆ ಬಿಟ್ಟ ಮೇಲೆ ಇಲ್ಲವೇ ರಜೆಯಲ್ಲಿ, ಅಪಾಯವಿಲ್ಲದ ಮನೆಯ ಕೆಲಸಕ್ಕಷ್ಟೇ ಕೈಜೋಡಿಸಬಹುದು ಎಂದು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹೇಳುತ್ತದೆ. ಆದರೆ ಸುಲಿದವರ ತೂಕ ಬರೆದಿಡುವುದು, ಮೋಡ ಕಟ್ಟಿದರೆ ಒಣಹಾಕಿದ ಅಡಿಕೆಗೆ ಟಾರ್ಪಾಲು ಎಳೆಯುವುದು ಅವನಿಂದ ಆಗುವಂಥವೇ. ವಹಿಸಿದ ಮೇಲೆ ನೀವು ಕೈ ಹಾಕಬಾರದು, ಇದು ಮುಖ್ಯ. ಲೆಕ್ಕ ತಪ್ಪಿದರೆ ಸುಲಿಯುವವರ ಮುಂದೆ ಅವನೇ ಕೂತು ಸರಿಪಡಿಸಲಿ, ನಾಲ್ಕು ಮಾತು ಕೇಳಲಿ. ‘ಹೋಗ್ಲಿ ಬಿಡು, ನಾನೇ ಮಾಡ್ತೀನಿ’ ಎಂದು ಅಮ್ಮ ಪ್ರೀತಿಯಿಂದಲೇ ಹೇಳುತ್ತಾರೆ. ‘ನಿನ್ನ ಕೈಲಾಗಲ್ಲ’ ಎಂದು ಮಗುವಿಗೆ ಕೇಳಿಸುತ್ತದೆ.

ಹೆಣ್ಣುಮಕ್ಕಳ ಲೆಕ್ಕ ಬೇರೆ. ಅವರಿಗೆ ಕೆಲಸವೆಂದೂ ಕಡಿಮೆಯಾಗಿಲ್ಲ: ಕಸ, ಪಾತ್ರೆ, ತಮ್ಮನ ಊಟ. ಅವರಿಗೆ ಕೊಡಬೇಕಾದದ್ದು ತೀರ್ಮಾನಿಸುವ ಅಧಿಕಾರ. ಸಂತೆ ಚೀಲದ ಜೊತೆ ದುಡ್ಡನ್ನೂ ಕೊಟ್ಟು, ಏನು ತರಬೇಕೆಂದು ಹೇಳದೆ ಕಳಿಸಿ ನೋಡಿ. ತಮ್ಮನ ತಟ್ಟೆ ತಮ್ಮನೇ ತೊಳೆಯಲಿ.

ಕಡೂರಿನ ಕಡೆ ಮನೆಗಳ ಚಿಂತೆಯ ಬಣ್ಣವೇ ಬೇರೆ. ಮಲೆನಾಡು ಎಂದು ಹೆಸರಾದ ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆ ಇದು. ಬೆಟ್ಟದಾಚೆ ಸುರಿದು ಹಗುರಾದ ಮೋಡ ಇಲ್ಲಿ ತಲೆಯ ಮೇಲೆ ಹಾದುಹೋಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದಾಗ ಬೆಂಗಳೂರು ಬೆಚ್ಚಿಬಿತ್ತು. ತೆಂಗು ಒಣಗುವುದು, ಕೊಳವೆಬಾವಿ ಕೈಕೊಡುವುದು ಇಲ್ಲಿನ ಮಕ್ಕಳಿಗೆ ಹೊಸದೇನಲ್ಲ. ಮನೆಯವರು ಸಾಲದ ಮಾತಾಡುವುದು ಮಕ್ಕಳು ಮಲಗಿದ ಮೇಲೆ. ಮಕ್ಕಳು ಮಲಗಿರುವುದಿಲ್ಲ. ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಕತ್ತಲಲ್ಲಿ ಕಟ್ಟಿಕೊಂಡದ್ದು ನಿಜಕ್ಕಿಂತ ಭಯಂಕರವಾಗಿರುತ್ತದೆ.

ಹಗಲಲ್ಲಿ, ಅನ್ನ ಬಡಿಸುತ್ತ, ನಾಲ್ಕು ಮಾತು ಸಾಕು. ‘ಬೋರಲ್ಲಿ ನೀರು ಬರೋದು ನಿಂತಿದೆ. ಅಪ್ಪ ಸೊಸೈಟೀಲಿ ಮಾತಾಡ್ತಿದಾರೆ. ಈ ಸಲ ಯುಗಾದಿಗೆ ಹೊಸ ಬಟ್ಟೆ ಒಂದೇ ಜೊತೆ. ನಿನ್ನ ಸ್ಕೂಲು ನಿಲ್ಲಲ್ಲ.’ ಏನಾಗಿದೆ, ದೊಡ್ಡವರು ಏನು ಮಾಡುತ್ತಿದ್ದಾರೆ, ಮಗುವಿಗೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ. ಸಾಲದ ಮೊತ್ತ, ಬಡ್ಡಿಯವರ ಮಾತು ಮಗುವಿಗೆ ಬೇಕಿಲ್ಲ. ಇನ್ನೊಂದು ಕಟುವಾದ ಮಾತು ಹೇಳಲೇಬೇಕು: ಹಿರಿಮಗಳನ್ನು ಗೆಳತಿ ಮಾಡಿಕೊಂಡು ಅವಳ ಮುಂದೆ ಎಲ್ಲ ಅಳಲು ತೋಡಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಅದಕ್ಕೆ ಅಕ್ಕತಂಗಿಯರಿದ್ದಾರೆ, ಸ್ತ್ರೀಶಕ್ತಿ ಸಂಘದವರಿದ್ದಾರೆ. ಹದಿಮೂರರ ಹುಡುಗಿ ಆ ಭಾರ ಹೊರಬಾರದು.

ಮೊಬೈಲ್ ಬಗ್ಗೆ ಎಲ್ಲರೂ ಬರೆದಾಗಿದೆ. ನನ್ನದು ಒಂದೇ ಕೋರಿಕೆ: ಅಳುವ ಮಗುವಿನ ಕೈಗೆ ಅದನ್ನು ಕೊಡಬೇಡಿ. ಅಳು ಮುಗಿಯಲಿ, ಆಮೇಲೆ ಬೇಕಿದ್ದರೆ ಕೊಡಿ.

ಕವಾಯಿಯ ಅಧ್ಯಯನದಲ್ಲಿ ಅಷ್ಟಾಗಿ ಯಾರೂ ಗಮನಿಸದ ಭಾಗವೊಂದಿದೆ. ಹದಿನೆಂಟರಲ್ಲಿ ಎಡವಿದ್ದವರಲ್ಲಿ ಬಹಳಷ್ಟು ಮಂದಿ ಮೂವತ್ತು ದಾಟುವ ಹೊತ್ತಿಗೆ ಚೇತರಿಸಿಕೊಂಡಿದ್ದರು; ಮತ್ತೆ ಓದಲು, ಮತ್ತೆ ಕೆಲಸ ಕಲಿಯಲು ಅವರಿಗೆ ಎರಡನೇ ಬಾಗಿಲು ಸಿಕ್ಕಿತ್ತು. ನಮ್ಮಲ್ಲೂ 2024ರಿಂದ ಎಸ್‌ಎಸ್‌ಎಲ್‌ಸಿಗೆ ಪೂರಕ ಪರೀಕ್ಷೆ ಎಂಬ ಹಣೆಪಟ್ಟಿ ಹೋಗಿ, ಒಂದು, ಎರಡು ಎಂದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾಗಿವೆ. ಇದು ಮಕ್ಕಳಿಗೆ ಗೊತ್ತು, ನೆಂಟರಿಗೆ ಗೊತ್ತಿಲ್ಲ. ಫಲಿತಾಂಶದ ದಿನ ‘ಎಷ್ಟು ಬಂತು?’ ಎಂದು ಬರುವ ಫೋನುಗಳನ್ನು ನೀವೇ ಎತ್ತಿ. ‘ತಗೋ, ಮಾವ ಮಾತಾಡ್ತಾರಂತೆ’ ಎಂದು ಮಗುವಿನ ಕೈಗೆ ದಾಟಿಸಬೇಡಿ. ಅಂದು ಸಂಜೆ ಮುಂದೇನು ಎಂಬ ಮಾತೇ ಬೇಡ, ಊಟ ಹಾಕಿ. ಮಾರನೇ ದಿನ ಇಬ್ಬರೂ ಕೂತು ಉತ್ತರಪತ್ರಿಕೆಯ ನಕಲು ತರಿಸುವುದೋ, ಎರಡನೇ ಪರೀಕ್ಷೆ ಕಟ್ಟುವುದೋ ನೋಡಿ.

ಇನ್ನು ಆ ‘ಒಬ್ಬರಾದರೂ ದೊಡ್ಡವರು.’ ಎಲ್ಲವನ್ನೂ ನನಗೇ ಹೇಳಬೇಕು ಎಂಬ ಹಟ ಬಿಡುವುದು ಅಮ್ಮನಿಗೆ ಸುಲಭವಲ್ಲ. ಮಗಳು ಅತ್ತೆಯ ಹತ್ತಿರ, ಮಗ ಪಿ.ಟಿ. ಮೇಷ್ಟ್ರ ಹತ್ತಿರ ಹೆಚ್ಚು ಮಾತಾಡಿದರೆ ಹೊಟ್ಟೆಕಿಚ್ಚು ಬೇಡ. ಅವರು ಎಂಥವರೆಂದು ಮಾತ್ರ ತಿಳಿದುಕೊಂಡಿರಿ. ಅಂಥ ದೊಡ್ಡವರು ನಾಟಕದ ತಂಡದಲ್ಲೂ ಸಿಕ್ಕಾರು. ಅಜ್ಜಂಪುರ ಮೊದಲಿನಿಂದಲೂ ನಾಟಕದ ಊರು. 1997ರಿಂದ ಶಿವಸಂಚಾರ ತಂಡ ರಾಜ್ಯ ತಿರುಗಲು ಹೊರಡುವ ಸಾಣೇಹಳ್ಳಿ ಹೊಸದುರ್ಗ ತಾಲ್ಲೂಕಿಗೆ ಸೇರಿದ್ದರೂ ಇಲ್ಲಿಗೆ ಹತ್ತಿರ. ಮಕ್ಕಳನ್ನು ನಾಟಕಕ್ಕೆ ಹಚ್ಚಿ. ತುಂಬಿದ ಸಭೆಯ ಮುಂದೆ ಮಾತು ಮರೆತು, ಎದುರಿನ ಪಾತ್ರಧಾರಿ ಎತ್ತಿಕೊಟ್ಟ ಎಳೆ ಹಿಡಿದು ಮುಂದುವರಿಯುವುದನ್ನು ಯಾವ ಕೋಚಿಂಗ್ ಕ್ಲಾಸೂ ಕಲಿಸುವುದಿಲ್ಲ.

ಪಿಯುಸಿಗೆಂದು ಮಕ್ಕಳು ಬೀರೂರು ಜಂಕ್ಷನ್ನಿನಿಂದ ರೈಲು ಹತ್ತುವ ಕಾಲ ಬಂದೇ ಬರುತ್ತದೆ. ಅದಕ್ಕೆ ಮೊದಲೇ ಕಡೂರಿನಿಂದ ತರೀಕೆರೆಗೆ ಒಬ್ಬರೇ ಬಸ್ಸಿನಲ್ಲಿ ಹೋಗಿ, ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳಿ ಇಸಿದುಕೊಂಡು ಬಂದಿರಲಿ. ಹಾಸ್ಟೆಲಿನಿಂದ ಮೊದಲ ವಾರವೇ ‘ಬಂದ್ಬಿಡ್ಲಾ ಅಮ್ಮ?’ ಎಂಬ ಫೋನು ಬರುತ್ತದೆ. ಮನೆಯ ನೆನಪಾದರೆ ‘ಭಾನುವಾರ ನಾನೇ ಬರ್ತೀನಿ’ ಎನ್ನಿ, ತಪ್ಪದೆ ಹೋಗಿ. ಹೊಡೆತ, ರ‍್ಯಾಗಿಂಗ್, ದಿನಗಟ್ಟಲೆ ಊಟ ನಿದ್ದೆ ಇಲ್ಲ ಎಂದಾದರೆ ಭಾನುವಾರಕ್ಕೆ ಕಾಯಬೇಡಿ, ಅಂದೇ ಹೊರಡಿ. ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಎರಡು ಸಂಖ್ಯೆ ಬರೆದಿಟ್ಟಿರಿ. 1098 ಮಕ್ಕಳ ಸಹಾಯವಾಣಿ. 14416 ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಫೋನು ಮಾಡಲು ಮಗುವಿಗೇ ಏನಾದರೂ ಆಗಿರಬೇಕೆಂದಿಲ್ಲ, ನಿಮಗೇ ನಿದ್ದೆ ಬಾರದಿದ್ದರೂ ಮಾಡಬಹುದು.