ಬಿ.ಎಚ್.ಸಿ. ಪುಡಿಯೂ ಸುಣ್ಣವೂ

ಯಲಹಂಕ, ಹೆಬ್ಬಾಳ ಮುಂತಾದ ಕಡೆಗಳ ಹಳೆಯ ಮನೆಗಳಲ್ಲಿ, ಜನರು ಗ್ಯಾಮಾಕ್ಸಿನ್ ಎಂದು ಕರೆಯುತ್ತಿದ್ದ ಬಿ.ಎಚ್.ಸಿ. ಪುಡಿಯ ಡಬ್ಬವು ಅಟ್ಟದ ಮೇಲೆಯೋ ಕಣಜದ ಮೂಲೆಯಲ್ಲಿಯೋ ಉಳಿದಿರಬಹುದು. ಇದರ ಉಪಯೋಗವು ಭಾರತದಲ್ಲಿ 1997ರಲ್ಲಿ ನಿಷೇಧಿಸಲ್ಪಟ್ಟಿತು. ಸುಣ್ಣವನ್ನು ಬೆರೆಸಿದರೆ ವಿಷವು ನಾಶವಾಗುವುದೆಂದು ಯಾರಾದರೂ ಹೇಳಿದರೆ, ಪಟೇಲರೂ ಜಮೀನುದಾರರೂ ಅದನ್ನು ನಂಬಕೂಡದು. ಕಾರಣವು ಈ ವಸ್ತುವಿನ ರಚನೆಯಲ್ಲಿಯೇ ಇದೆ.

ಇಂಗಾಲ ಮತ್ತು ಜಲಜನಕಗಳಿಂದಾದ ಆಲ್ಕೇನ್ ಎಂಬ ಸಂಯುಕ್ತಗಳಲ್ಲಿ, ಜಲಜನಕದ ಸ್ಥಾನವನ್ನು ಕ್ಲೋರೀನ್, ಬ್ರೋಮೀನ್ ಮೊದಲಾದುವು ಆಕ್ರಮಿಸಿದರೆ ಹ್ಯಾಲೊಆಲ್ಕೇನ್‌ಗಳು ಉಂಟಾಗುತ್ತವೆ. ಬಿ.ಎಚ್.ಸಿ.ಯು ಈ ವರ್ಗಕ್ಕೆ ಸೇರಿದುದು. ಇದರಲ್ಲಿ 6 ಇಂಗಾಲದ ಪರಮಾಣುಗಳು ಬಳೆಯಂತೆ ಕೂಡಿಕೊಂಡು, ಒಂದೊಂದೂ ಒಂದು ಜಲಜನಕವನ್ನೂ ಒಂದು ಕ್ಲೋರೀನನ್ನೂ ಹಿಡಿದಿರುತ್ತದೆ. ಕ್ಲೋರೀನುಗಳು ಬಳೆಯ ಮೇಲ್ಗಡೆಯಲ್ಲಿರುವುವೋ ಕೆಳಗಡೆಯಲ್ಲಿರುವುವೋ ಎಂಬ ಭೇದದಿಂದ ಹಲವು ರೂಪಗಳಾಗುತ್ತವೆ. ಇವುಗಳಲ್ಲಿ ಕೀಟಗಳನ್ನು ಕೊಲ್ಲುವ ಶಕ್ತಿಯು ಮುಖ್ಯವಾಗಿ ಗ್ಯಾಮಾ ರೂಪದ್ದು. ಕಚ್ಚಾ ಬಿ.ಎಚ್.ಸಿ.ಯಲ್ಲಿ ಅದು ನೂರಕ್ಕೆ 10ರಿಂದ 15 ಪಾಲು ಮಾತ್ರ. ಮಿಕ್ಕ ಪಾಲಿನ ಬಹುಭಾಗವು ಕೀಟನಾಶಕ್ಕೆ ಒದಗದೆ ಭೂಮಿಗೆ ಸೇರುತ್ತಿತ್ತು. ಈ ವಸ್ತುವು ನೀರಿನಲ್ಲಿ ಅತ್ಯಲ್ಪವಾಗಿಯೂ ಕೊಬ್ಬಿನಲ್ಲಿ ಚೆನ್ನಾಗಿಯೂ ಕರಗುವುದರಿಂದ, ಮೇವಿನ ಮೂಲಕ ಹಸುವಿನ ಹಾಲನ್ನೂ ಬೆಣ್ಣೆಯನ್ನೂ ಸೇರಬಲ್ಲುದು. ಮಣ್ಣಿನಲ್ಲಿದ್ದರೆ ಆಲೂಗೆಡ್ಡೆಗೆ ಮುಗ್ಗಲು ವಾಸನೆಯನ್ನು ಹಿಡಿಸುವುದು.

ಇನ್ನು ಸುಣ್ಣದ ವಿಷಯ. ಸುಣ್ಣವು ಕ್ಷಾರವಸ್ತು. ಅದು ತಗುಲಿದಾಗ ಗ್ಯಾಮಾ ರೂಪವು 3 ಜಲಜನಕಗಳನ್ನೂ 3 ಕ್ಲೋರೀನುಗಳನ್ನೂ ಕಳೆದುಕೊಂಡು ಟ್ರೈಕ್ಲೋರೊಬೆಂಜೀನ್ ಆಗಿ ಮಾರ್ಪಡುವುದು. ಕೀಟನಾಶಕ ಗುಣವು ಹೋಗುವುದು. ಈ ಪುಡಿಯನ್ನು ಸುಣ್ಣವಿರುವ ಬೋರ್ಡೊ ದ್ರಾವಣದೊಡನೆ ಬೆರೆಸಬಾರದೆಂಬ ನಿಯಮಕ್ಕೆ ಇದೇ ಕಾರಣ. ಆದರೆ ಹೊಸದಾಗಿ ಉಂಟಾದ ವಸ್ತುವೂ ನಿರಪಾಯವಾದುದಲ್ಲ. ಅದಲ್ಲದೆ, ಒಂದು ಕ್ಲೋರೀನೂ ನೆರೆಯ ಇಂಗಾಲದ ಜಲಜನಕವೂ ಬಳೆಯ ಎದುರು ಕಡೆಗಳಲ್ಲಿದ್ದರೆ ಮಾತ್ರ ಈ ಬೇರ್ಪಡುವಿಕೆ ಸುಲಭ. ಬೀಟಾ ರೂಪದಲ್ಲಿ ಅವೆರಡೂ ಒಂದೇ ಕಡೆ ಇರುವುದರಿಂದ ಸುಣ್ಣವು ಅದನ್ನು ಅಷ್ಟಾಗಿ ಮುಟ್ಟಲಾರದು. ಎಲ್ಲ ರೂಪಗಳಿಗಿಂತ ಹೆಚ್ಚು ಕಾಲ ಉಳಿಯುವುದೂ ಅದೇ.

ಆದಕಾರಣ ಈ ಪುಡಿಯನ್ನು ಹೊಲಕ್ಕೆ ಎರಚಕೂಡದು, ಹೂಳಕೂಡದು, ಸುಡಕೂಡದು, ಕೆರೆಗೆ ಸುರಿಯಕೂಡದು. ಡಬ್ಬವನ್ನು ಭದ್ರವಾಗಿ ಮುಚ್ಚಿ, ಹೆಸರು ಬರೆದು, ಮಕ್ಕಳಿಗೂ ದನಕರುಗಳಿಗೂ ಧಾನ್ಯಕ್ಕೂ ದೂರವಾಗಿಟ್ಟು, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು. ಬರಿದಾದ ಡಬ್ಬದಲ್ಲಿ ರಾಗಿಯನ್ನಾಗಲಿ ಬಿತ್ತನೆ ಬೀಜವನ್ನಾಗಲಿ ತುಂಬಕೂಡದು. ಧಾನ್ಯವನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಶುಚಿಯಾದ ಕಣಜದಲ್ಲಿ ತೇವ ತಗುಲದಂತೆ ಇಡುವುದೇ ಹುಳುವಿನ ಬಾಧೆಗೆ ಮೊದಲನೆಯ ತಡೆ.